ಅಪ್ಪನ ಮನೆ ಮಾರುವ ಮೊದಲು ಬ್ರೋಕರ್ ಕೇಳಿದ ಪ್ರಶ್ನೆಗಳು

2023ರ ಯುಗಾದಿಗೆ ಮೈಸೂರಿಗೆ ಹೋಗಿದ್ದೆ. ಅಮ್ಮ ಒಬ್ಬಟ್ಟು ತಟ್ಟುತ್ತಾ ತಟ್ಟುತ್ತಾ, ತಲೆ ಎತ್ತದೆ ಹೇಳಿದರು: "ಈ ಮನೆ ಕೊಟ್ಟುಬಿಡೋಣ ಕಣೆ. ನನ್ನ ಕೈಲಿ ಇನ್ನು ಆಗಲ್ಲ."

ಅಪ್ಪ ಹೋಗಿ ಒಂದು ವರ್ಷದ ಮೇಲಾಗಿತ್ತು. ಅಮ್ಮ ಆ ಮನೆಯಲ್ಲಿ ಒಬ್ಬರೇ ಇದ್ದರು. ನಾನು ಬೆಂಗಳೂರಿನಲ್ಲಿ, ತಂಗಿ ಅಮೆರಿಕದಲ್ಲಿ. ಈ ಮಾತು ಒಂದಲ್ಲ ಒಂದು ದಿನ ಬರುತ್ತದೆ ಅಂತ ಗೊತ್ತಿತ್ತು. ಆದರೂ ಆ ಕ್ಷಣ ಏನು ಹೇಳಬೇಕೋ ತಿಳಿಯಲಿಲ್ಲ.

ಕುವೆಂಪುನಗರದ ಮನೆ. 30×40 ಸೈಟು, ಒಂಬತ್ತು ಚದರದ ಕಟ್ಟಡ, ಕೆಂಪು ಗಾರೆ ನೆಲ. ಅಪ್ಪ ಸರ್ಕಾರಿ ಹೈಸ್ಕೂಲು ಮೇಷ್ಟ್ರು. ಸೈಟು ಸಿಐಟಿಬಿಯಿಂದ, ಅಂದರೆ ಆಗ ಊರಲ್ಲಿ ಬಡಾವಣೆ ಮಾಡಿ ಸೈಟು ಹಂಚುತ್ತಿದ್ದ ಮಂಡಳಿಯಿಂದ, ಅವರ ಹೆಸರಿಗೆ ಆಗಿದ್ದು 1981ರಲ್ಲಿ. ಮನೆ ಎದ್ದಿದ್ದು 1986ರಲ್ಲಿ. ಶಾಲೆ ಬಿಟ್ಟ ಮೇಲೆ ಅಪ್ಪ ಸೈಕಲ್ ತುಳಿದುಕೊಂಡು ಬಂದು ಗೋಡೆಗೆ ನೀರು ಹೊಡೆಯುತ್ತಿದ್ದರು. ನಾನು ಚೊಂಬು ಹಿಡಿದುಕೊಂಡು ಹಿಂದೆ ಹಿಂದೆ ಹೋಗುತ್ತಿದ್ದೆ. ಅಂಥ ಮನೆಯನ್ನು ಯಾರ ಕೈಗೆ ಕೊಟ್ಟು "ಮಾರಿಸಿಕೊಡಿ" ಅನ್ನೋದು?

ನನಗೆ ಬ್ರೋಕರುಗಳ ಮೇಲೆ ನಂಬಿಕೆ ಹೋಗಿ ಒಂಬತ್ತು ವರ್ಷ ಆಗಿತ್ತು. 2014ರಲ್ಲಿ ಬೆಂಗಳೂರಲ್ಲಿ ಒಂದು ಫ್ಲಾಟ್ ನೋಡಿದ್ದೆವು. ತೋರಿಸಿದ ಹುಡುಗ ಚುರುಕಾಗಿದ್ದ, ಮಾತು ಚೆನ್ನಾಗಿತ್ತು, ಫೋನ್ ಮಾಡಿದ ತಕ್ಷಣ ಎತ್ತುತ್ತಿದ್ದ. "ಇನ್ನೊಂದು ಪಾರ್ಟಿ ರೆಡಿ ಇದೆ ಮೇಡಂ, ಇವತ್ತು ಸಂಜೆಯೊಳಗೆ ಅಡ್ವಾನ್ಸ್ ಕೊಟ್ರೆ ನಿಮ್ಗೇ." ಮೂರು ಲಕ್ಷ ಕೊಟ್ಟೆವು. ಆಮೇಲೆ ಪೇಪರ್ಸ್ ನೋಡಿದ ವಕೀಲರು ಕೇಳಿದ ಮೊದಲ ಮಾತು, "ಓಸಿ ಎಲ್ಲಿ?" ಅಂತ. ಪ್ಲಾನ್ ಪ್ರಕಾರವೇ ಕಟ್ಟಿದ್ದಾರೆ, ವಾಸ ಮಾಡಬಹುದು ಅಂತ ಪಾಲಿಕೆ ಕೊಡುವ ಪತ್ರ ಅದು. ಆ ಕಟ್ಟಡಕ್ಕೆ ಅದು ಸಿಕ್ಕಿರಲೇ ಇಲ್ಲ. ಸಿಗುವ ಹಾಗೂ ಇರಲಿಲ್ಲ, ಒಂದು ಮಹಡಿ ಹೆಚ್ಚಿಗೆ ಎತ್ತಿದ್ದರು. ವ್ಯಾಪಾರ ಬಿಟ್ಟೆವು. ಎಂಟು ತಿಂಗಳು ಅಲೆದ ಮೇಲೆ ಎರಡು ಲಕ್ಷ ವಾಪಸ್ ಬಂತು. ಆ ಹುಡುಗ ಫೋನ್ ಎತ್ತುವುದನ್ನೇ ನಿಲ್ಲಿಸಿದ್ದ.

ಅವನು ಮೋಸಗಾರ ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ಓಸಿ ಕೇಳಬೇಕು ಅನ್ನೋದೇ ಅವನಿಗೆ ಗೊತ್ತಿರಲಿಲ್ಲ. ಆರು ತಿಂಗಳ ಹಿಂದೆ ಕಾರು ಮಾರುತ್ತಿದ್ದವನು. ನಮ್ಮ ಉಳಿತಾಯದ ಒಂದು ಲಕ್ಷ ಅವನ ಕಲಿಕೆಗೆ ಖರ್ಚಾಯಿತು, ಅಷ್ಟೆ.

ಹಾಗಾಗಿ ಮೈಸೂರಿನ ಮನೆ ವಿಷಯಕ್ಕೆ ನಾನು ಅವಸರ ಮಾಡಲಿಲ್ಲ. ಮೂರು ಜನರನ್ನು ಕರೆಸಿದೆ.

ಮೊದಲನೆಯವರು ಕಾರಲ್ಲಿ ಬಂದರು. ಗೇಟಿನ ಹತ್ತಿರವೇ ನಿಂತು, ಒಳಗೂ ಬರದೆ, "1 ಕೋಟಿ 35 ಲಕ್ಷಕ್ಕೆ ಕೊಡಿಸ್ತೀನಿ" ಅಂದರು. ಎದುರುಮನೆ ಎಷ್ಟಕ್ಕೆ ಹೋಯಿತು ಅಂತ ಕೇಳಿದೆ. ಗೊತ್ತಿರಲಿಲ್ಲ. ಎದುರುಮನೆ ಮಾರಾಟವಾಗಿ ನಾಲ್ಕು ತಿಂಗಳೂ ಆಗಿರಲಿಲ್ಲ. ಹೋಗುವಾಗ ಅಮ್ಮನ ಮುಂದೆಯೇ, "ಮನೆಗೇನೂ ಬೆಲೆ ಇಲ್ಲಮ್ಮ, ಹೆಂಗಿದ್ರೂ ಒಡೀತಾರೆ, ಸೈಟಿಗೆ ಮಾತ್ರ ದುಡ್ಡು" ಅಂದರು. ಮಾತು ನಿಜ. ಆದರೆ ಅಮ್ಮ ಆ ರಾತ್ರಿ ಊಟ ಮಾಡಲಿಲ್ಲ.

ಎರಡನೆಯವರು ಒಳಗೆ ಬಂದು ಕೂತು ಕಾಫಿ ಕುಡಿದು, "ನಿಮಗೆ ಎಷ್ಟು ಕೈಗೆ ಬರಬೇಕು ಹೇಳಿಬಿಡಿ. ಅದರ ಮೇಲೆ ಬಂದದ್ದು ನಂದು. ಕಮಿಷನ್ನೇ ಬೇಡ" ಅಂದರು. ಕೇಳೋಕೆ ಎಷ್ಟು ಚೆಂದ ಅಲ್ವಾ? ಸ್ವಲ್ಪ ಯೋಚನೆ ಮಾಡಿ. ನಮಗೆ 90 ಲಕ್ಷ ಸಾಕು ಅಂತ ಗೊತ್ತಿಲ್ಲದೆ ಹೇಳಿದ್ದರೆ, ಮೇಲಿನ ಇಪ್ಪತ್ತು ಲಕ್ಷ ಅವರ ಜೇಬಿಗೆ. ಅಷ್ಟೇ ಅಲ್ಲ, ಕೊಳ್ಳುವವರನ್ನೂ ನಮ್ಮನ್ನೂ ಕೊನೆಯವರೆಗೆ ಮುಖಾಮುಖಿ ಮಾಡಿಸಲ್ಲ. ಈ ಮಾತು ಯಾರಾದರೂ ಆಡಿದರೆ ದಯವಿಟ್ಟು ಕಾಫಿ ಕೊಟ್ಟು ಕಳಿಸಿಬಿಡಿ.

ಮೂರನೆಯವರನ್ನು ಹೇಳಿದ್ದು ಅಮ್ಮನಿಗೆ ಹಾಲು ಹಾಕುವವರು. ಅರವತ್ತು ದಾಟಿದ ಹಿರಿಯರು. ಹಳೆಯ ಟಿವಿಎಸ್ ಮೊಪೆಡ್ಡಿನಲ್ಲಿ ಬಂದರು. ಕಂಕುಳಲ್ಲಿ ಉದ್ದನೆಯ ಲೆಕ್ಕದ ಪುಸ್ತಕ. ಮನೆ ನೋಡಬೇಕು ಅನ್ನಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು, ಅಪ್ಪನ ಫೋಟೋ ಕಡೆ ಒಮ್ಮೆ ನೋಡಿ, "ಪೇಪರ್ಸ್ ಇದ್ರೆ ಕೊಡಿ ತಾಯಿ, ಒಂದ್ಸಲ ನೋಡ್ತೀನಿ" ಅಂದರು.

ಅಮ್ಮ ಟ್ರಂಕಿನಿಂದ ಫೈಲು ತಂದರು. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆ ತಿರುಗಿಸಿದರು. ಹಂಚಿಕೆ ಪತ್ರ, ಕ್ರಯಪತ್ರ, ಖಾತೆ, ಕಂದಾಯದ ರಸೀದಿಗಳು. ಅರ್ಧ ಗಂಟೆ ಮಾತೇ ಇಲ್ಲ. ಆಮೇಲೆ ಕೇಳಿದರು:

"ಮೇಷ್ಟ್ರು ಹೋದಾಗ ಅವರ ತಾಯಿ ಇದ್ರಾ?"

ನನಗೆ ಅರ್ಥವಾಗಲಿಲ್ಲ. ಅಜ್ಜಿ 2009ರಲ್ಲೇ ತೀರಿಕೊಂಡಿದ್ದರು ಅಂದೆ. "ಸದ್ಯ" ಅಂದರು. ಆಮೇಲೆ ಬಿಡಿಸಿ ಹೇಳಿದರು. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಗಂಡಸು ವಿಲ್ ಬರೆಯದೆ ತೀರಿಕೊಂಡರೆ ಅವನ ಸ್ವಂತ ಆಸ್ತಿಯಲ್ಲಿ ಹೆಂಡತಿ ಮಕ್ಕಳ ಜೊತೆ ತಾಯಿಗೂ ಸಮಪಾಲು. ಅಜ್ಜಿ ಅಪ್ಪನಿಗಿಂತ ಒಂದೇ ಒಂದು ದಿನ ಹೆಚ್ಚಿಗೆ ಬದುಕಿದ್ದರೂ ಅವರ ಪಾಲು ಹುಟ್ಟಿಕೊಳ್ಳುತ್ತಿತ್ತು. ಅವರೂ ಹೋದ ಮೇಲೆ ಆ ಪಾಲು ಅವರ ಉಳಿದ ಮಕ್ಕಳಿಗೆ ಅಂದರೆ ನಮ್ಮ ಅತ್ತೆ, ಚಿಕ್ಕಪ್ಪಂದಿರಿಗೂ ಹಂಚಿಹೋಗುತ್ತಿತ್ತು. ಎಲ್ಲರ ಸಹಿ ಬೇಕಾಗುತ್ತಿತ್ತು. "ಇದು ಗೊತ್ತಾಗೋದು ಎಷ್ಟೋ ಸಲ ರಿಜಿಸ್ಟ್ರೇಷನ್ ಹಿಂದಿನ ದಿನ" ಅಂದರು.

ಅದು ಮುಗಿದ ಮೇಲೆ ಇನ್ನೊಂದು ಪ್ರಶ್ನೆ. ಕಿಟಕಿಯ ಆಚೆ ನೋಡುತ್ತಾ, ಲೆಕ್ಕ ಹಾಕುವ ಹಾಗೆ ಕೇಳಿದರು: "86ರಲ್ಲಿ ಕಟ್ಟಿದ್ದು. ಸರ್ಕಾರಿ ಮೇಷ್ಟ್ರು. ಹಂಗಾದ್ರೆ ಸರ್ಕಾರದಿಂದ ಮನೆ ಸಾಲ ತಗೊಂಡಿರಬೇಕಲ್ಲ?"

ಅಮ್ಮ ಹೌದು ಅಂದರು. ಸಂಬಳದಲ್ಲಿ ಹಿಡಿಯುತ್ತಿದ್ದರು, ಯಾವಾಗಲೋ ತೀರಿತು.

"ಸಾಲ ತೀರಿತು. ಪತ್ರ ಬಿಡಿಸಿಕೊಂಡ್ರಾ?"

ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇಲ್ಲಿ ಒಂದು ವಿಷಯ ಹೇಳಬೇಕು. ಆಸ್ತಿಯ ಮೇಲೆ ಏನೇನು ನೋಂದಣಿ ಆಗಿದೆ ಅಂತ ತೋರಿಸುವುದು ಇಸಿ, ಋಣಭಾರ ಪತ್ರ. ಕರ್ನಾಟಕದಲ್ಲಿ 2004ರ ಏಪ್ರಿಲ್‌ನಿಂದ ಈಚಿನದ್ದು ಕಾವೇರಿ ವೆಬ್‌ಸೈಟಿನಲ್ಲಿ ಮನೆಯಲ್ಲೇ ಕೂತು ತೆಗೆಯಬಹುದು. ನಾನೂ ತೆಗೆದಿದ್ದೆ, ಒಂದೂ ವಹಿವಾಟು ಇರಲಿಲ್ಲ. ಎಲ್ಲ ಕ್ಲಿಯರ್ ಅಂತ ಖುಷಿಯಾಗಿದ್ದೆ. ಅದಕ್ಕಿಂತ ಹಿಂದಿನದ್ದು ಕೈಬರಹದ ಪುಸ್ತಕಗಳಿಂದ ಹುಡುಕಿಸಬೇಕು. ಹಿರಿಯರು 1981ರಿಂದ ತೆಗೆಸಿ ಅಂದರು. ಎರಡು ವಾರ ಬಿಟ್ಟು ಬಂತು. ಎರಡನೇ ಸಾಲಿನಲ್ಲಿ ಅಡಮಾನ ಪತ್ರ. ಬರೆದುಕೊಟ್ಟವರು ಅಪ್ಪ. ಬರೆಸಿಕೊಂಡವರು ಕರ್ನಾಟಕದ ರಾಜ್ಯಪಾಲರು.

ಅಮ್ಮ ಹೆದರಿಬಿಟ್ಟರು. "ರಾಜ್ಯಪಾಲರಿಗೆ ನಮ್ಮ ಮನೆ ಬರೆದುಕೊಟ್ಟಿದ್ರಾ?" ಅಂತ. ಸರ್ಕಾರಿ ನೌಕರರು ಮನೆ ಕಟ್ಟಲು ಮುಂಗಡ ತಗೊಂಡರೆ ಪತ್ರ ಸರ್ಕಾರದ ಪರವಾಗಿ ರಾಜ್ಯಪಾಲರ ಹೆಸರಿಗೇ ಆಗುತ್ತದೆ. ಸಾಲ ತೀರಿದ ಮೇಲೆ ಇಲಾಖೆಯವರು ಬಿಡುಗಡೆ ಪತ್ರ ಬರೆದುಕೊಡಬೇಕು, ಅದೂ ನೋಂದಣಿ ಆಗಬೇಕು. ಅಪ್ಪನ ಕಾಲದ ಎಷ್ಟೋ ಜನ ಆ ಕೊನೆ ಹೆಜ್ಜೆ ಇಡಲೇ ಇಲ್ಲ. ಸಂಬಳದಲ್ಲಿ ಹಿಡಿಯುವುದು ನಿಂತಿತು, ಸಾಲ ಮುಗಿಯಿತು ಅಂದುಕೊಂಡರು. "ಈ ಬಡಾವಣೇಲಿ ಮೇಷ್ಟ್ರುಗಳು, ಗುಮಾಸ್ತರು ಜಾಸ್ತಿ. ನಾನು ನೋಡಿರೋದ್ರಲ್ಲಿ ನಾಲ್ಕರಲ್ಲಿ ಒಂದು ಮನೆಗೆ ಹಿಂಗೇ ಇರುತ್ತೆ ತಾಯಿ. ಭಯ ಬೇಡ. ಟೈಮ್ ಹಿಡಿಯುತ್ತೆ ಅಷ್ಟೆ."

ನಾನು ಅವತ್ತು ಅವರನ್ನೇ ಗಟ್ಟಿ ಮಾಡಿದೆ. ರೇಟಿನ ಮಾತು ಇನ್ನೂ ಬಂದೇ ಇರಲಿಲ್ಲ.

ಕೆಲಸ ಐದು ತಿಂಗಳು ಹಿಡಿಯಿತು. ಅಪ್ಪನ ಹಳೆಯ ಇಲಾಖೆಗೆ ಅರ್ಜಿ, ಸಾಲ ತೀರಿದೆ ಅನ್ನೋದಕ್ಕೆ ದಾಖಲೆ, ಬಾಕಿ ಇಲ್ಲ ಅನ್ನೋ ಪತ್ರ, ಕೊನೆಗೆ ಬಿಡುಗಡೆ ಪತ್ರ. ನಮ್ಮನ್ನು ಕಾಪಾಡಿದ್ದು ಅಪ್ಪನ ಅಚ್ಚುಕಟ್ಟು. ಸಂಬಳದ ಚೀಟಿಗಳನ್ನೆಲ್ಲ ವರ್ಷದ ಪ್ರಕಾರ ದಾರದಲ್ಲಿ ಪೋಣಿಸಿ ಟ್ರಂಕಿನ ತಳದಲ್ಲಿ ಇಟ್ಟಿದ್ದರು. ಅದೇ ಸಮಯದಲ್ಲಿ ವಂಶವೃಕ್ಷ ಮಾಡಿಸಿ, ಖಾತೆಯನ್ನು ಅಮ್ಮ ಮತ್ತು ನಮ್ಮಿಬ್ಬರ ಹೆಸರಿಗೆ ಮಾಡಿಸಿದೆವು.

ಆ ಐದು ತಿಂಗಳೂ ಅವರು ಒಬ್ಬರಿಗೂ ಮನೆ ತೋರಿಸಲಿಲ್ಲ. ಆ ವರ್ಷ ಆಷಾಢ ಮುಗಿದ ಬೆನ್ನಿಗೇ ಅಧಿಕ ಶ್ರಾವಣ ಬಂದಿತ್ತು, ಎರಡು ತಿಂಗಳು ಹೇಗೂ ಯಾರೂ ಮನೆ ಮಾತಾಡುವುದಿಲ್ಲ. ಸೆಪ್ಟೆಂಬರಿನಲ್ಲಿ ಮಾತ್ರ ನನಗೆ ತಡೆಯಲಾಗಲಿಲ್ಲ. ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಮಾರ್ಗಸೂಚಿ ದರ, ಅಂದರೆ ನೋಂದಣಿ ಶುಲ್ಕ ಲೆಕ್ಕ ಹಾಕಲು ಸರ್ಕಾರ ಗೊತ್ತುಮಾಡುವ ಬೆಲೆ, ಏರುತ್ತದೆ ಅಂತ ಆಗಿತ್ತು. ಅಷ್ಟರೊಳಗೆ ನೋಂದಣಿ ಮುಗಿಸಬೇಕು ಅಂತ ಸಬ್ ರಿಜಿಸ್ಟ್ರಾರ್ ಕಚೇರಿಗಳಲ್ಲಿ ಜನ ಸಾಲು ನಿಂತಿದ್ದರು. ಪರಿಚಯದವರೊಬ್ಬರು, "ತಕ್ಷಣ ತಗೋತೀವಿ, ಆ ಬಿಡುಗಡೆ ಪತ್ರ ಆಮೇಲೆ ಮಾಡಿಸಿಕೊಡಿ" ಅಂದರು. ನಾನು ಹಿರಿಯರಿಗೆ ಫೋನ್ ಮಾಡಿ ಒತ್ತಾಯ ಮಾಡಿದೆ. "ಬೇಡ ಮೇಡಂ. ಅವರು ಬ್ಯಾಂಕ್ ಸಾಲಕ್ಕೆ ಹೋದ ದಿನ ಇದು ಆಚೆ ಬರುತ್ತೆ. ಆಗ ನಿಮ್ಮ ಅಡ್ವಾನ್ಸ್ ಕೈಯಲ್ಲಿ ಇರುತ್ತೆ, ಮನೆ ಕೈ ಬಿಟ್ಟಿರುತ್ತೆ, ಜಗಳ ಶುರು ಆಗುತ್ತೆ. ಮನೆ ನಿಮ್ಮದು, ತೀರ್ಮಾನ ನಿಮ್ಮದು. ಆದರೆ ಈ ವ್ಯಾಪಾರ ನಾನು ಮಾಡಿಸಲ್ಲ" ಅಂದರು.

ಕಮಿಷನ್ ಬರುವ ವ್ಯಾಪಾರಕ್ಕೆ ಬೇಡ ಅಂದ ಬ್ರೋಕರನ್ನು ನಾನು ಅದೇ ಮೊದಲು ನೋಡಿದ್ದು. ಬೆಂಗಳೂರಿನ ಆ ಹುಡುಗ ಹಾಗೆ ಹೇಳುವುದಕ್ಕೆ ಸಾಧ್ಯವೇ ಇರಲಿಲ್ಲ. ಕೆಟ್ಟುಹೋದ ವ್ಯಾಪಾರಗಳನ್ನು ಹತ್ತಿರದಿಂದ ನೋಡಿದವರಿಗೆ ಮಾತ್ರ ಎಲ್ಲಿ ನಿಲ್ಲಬೇಕು ಅಂತ ಗೊತ್ತಿರುತ್ತದೆ.

ಅದಕ್ಕೇ ಈಗ ಯಾರಾದರೂ ನನ್ನನ್ನು "ಒಳ್ಳೆ ಏಜೆಂಟ್ ಹೆಂಗೆ ಹುಡುಕೋದು?" ಅಂತ ಕೇಳಿದರೆ, ಎಷ್ಟು ಮನೆ ಮಾರಿದ್ದೀರಿ ಅಂತ ಕೇಳಬೇಡಿ ಅನ್ನುತ್ತೇನೆ. ಅದಕ್ಕೆ ಎಲ್ಲರೂ ದೊಡ್ಡ ನಂಬರ್ ಹೇಳುತ್ತಾರೆ. ಮುರಿದುಬಿದ್ದ ಒಂದು ವ್ಯಾಪಾರದ ಕಥೆ ಹೇಳಿ ಅಂತ ಕೇಳಿ. ಯಾಕೆ ಮುರೀತು, ಅಡ್ವಾನ್ಸ್ ಏನಾಯಿತು ಅಂತ ಕೇಳಿ. ನಿಜವಾಗಿ ಪಳಗಿದವರು ತಡವರಿಸದೆ ಹೇಳುತ್ತಾರೆ, ತಮ್ಮ ತಪ್ಪನ್ನೂ ಸೇರಿಸಿ. ಹೊಸಬರು "ನನ್ನ ಕೈಲಿ ಯಾವುದೂ ಮುರಿದಿಲ್ಲ" ಅನ್ನುತ್ತಾರೆ. ಹಾಗೇ, ಅವರು ಮಾರಿಸಿಕೊಟ್ಟವರ ನಂಬರ್ ಜೊತೆಗೆ ಅವರಿಂದ ಕೊಂಡವರ ನಂಬರನ್ನೂ ಕೇಳಿ. ಮಾರಿದವರು ದುಡ್ಡು ಎಣಿಸಿಕೊಂಡು ಹೋಗಿರುತ್ತಾರೆ. ಪೇಪರ್ ತೊಂದರೆ ಅನುಭವಿಸುವುದು ಕೊಂಡವರು.

ಇನ್ನೊಂದು, ಅನುಭವ ಜಾಗದ್ದು. ನಮ್ಮ ಹಿರಿಯರು ಕುವೆಂಪುನಗರ, ಸರಸ್ವತಿಪುರಂ, ರಾಮಕೃಷ್ಣನಗರ ಬಿಟ್ಟು ಆಚೆ ಹೋಗುವುದಿಲ್ಲ. ಊರಾಚೆ ಪಂಚಾಯಿತಿ ಸೈಟಿನ ಬಗ್ಗೆ ಕೇಳಿದಾಗ, "ಅಲ್ಲಿಯದು ಬೇರೆ ಲೆಕ್ಕ. ಭೂ ಪರಿವರ್ತನೆ ಆಗಿದೆಯಾ, ಪಂಚಾಯಿತಿಯ ಇ-ಸ್ವತ್ತು ದಾಖಲೆ ಇದೆಯಾ, ಮಂಜೂರಾತಿ ಜಮೀನಾ ಅಂತೆಲ್ಲ ನೋಡ್ಬೇಕು. ನಂಗೆ ಅದು ಬರಲ್ಲ" ಅಂದುಬಿಟ್ಟರು. ಇಪ್ಪತ್ತು ವರ್ಷ ಫ್ಲಾಟ್ ಮಾರಿದವರಿಗೆ ಹಳೆ ಬಡಾವಣೆಯ ಮನೆ ಹೊಸದು. ಹಳ್ಳಿ ಜಮೀನು ಬಲ್ಲವರಿಗೆ ಫ್ಲಾಟಿನ ಓಸಿ ಹೊಸದು.

ಕಾನೂನು ಇಲ್ಲಿ ಸ್ವಲ್ಪ ಮಟ್ಟಿಗೆ ಮಾತ್ರ ನೆರವಿಗೆ ಬರುತ್ತದೆ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಪ್ರಕಾರ, ನೋಂದಣಿಯಾದ ಪ್ರಾಜೆಕ್ಟುಗಳ ಫ್ಲಾಟ್, ಸೈಟ್ ಮಾರಿಸುವ ಏಜೆಂಟರೂ ರೇರಾದಲ್ಲಿ ನೋಂದಣಿ ಮಾಡಿಸಿರಬೇಕು. ಬಿಲ್ಡರ್ ಹತ್ತಿರ ಹೊಸ ಫ್ಲಾಟ್ ಕೊಳ್ಳುವವರು ಆ ನಂಬರ್ ಕೇಳಿ ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ನೋಡಲೇಬೇಕು. ನಮ್ಮಂಥ ಹಳೆಯ ಒಂಟಿ ಮನೆ ಕೈ ಬದಲಾಗುವಾಗ ಆ ನಿಯಮ ಬರುವುದಿಲ್ಲ. ಅಲ್ಲಿ ನಾವೇ ವಿಚಾರಿಸಿಕೊಳ್ಳಬೇಕು.

ರೇಟಿನ ವಿಷಯಕ್ಕೆ ಬರುತ್ತೇನೆ. ದಸರಾ ಮುಗಿದ ಮೇಲೆ ಹಿರಿಯರು ಆ ಉದ್ದನೆಯ ಪುಸ್ತಕ ಬಿಚ್ಚಿದರು. ಒಂದೊಂದು ರಸ್ತೆಗೆ ಒಂದೊಂದು ಪುಟ. ಸೈಟಿನ ಅಳತೆ, ದಿಕ್ಕು, ತಾರೀಕು. ಕೊನೆಯಲ್ಲಿ ಎರಡು ಕಲಂ: 'ಹೇಳಿದ್ದು', 'ಆಗಿದ್ದು'. ಎದುರುಮನೆಗೆ ಹೇಳಿದ್ದು 1 ಕೋಟಿ 30 ಲಕ್ಷ, ಆಗಿದ್ದು 1 ಕೋಟಿ 15. ಅವರದ್ದು ಪೂರ್ವದ ಬಾಗಿಲು, ನಮ್ಮದು ಪಶ್ಚಿಮ. ಕೇಳುವವರು ಕಡಿಮೆ. "1 ಕೋಟಿ 18 ಹೇಳೋಣ. 10 ದಾಟಿದ್ರೆ ಕೊಟ್ಟುಬಿಡಿ" ಅಂದರು. 1 ಕೋಟಿ 12 ಲಕ್ಷಕ್ಕೆ ಆಯಿತು, ನವೆಂಬರಿನಲ್ಲಿ. 1 ಕೋಟಿ 35 ಲಕ್ಷದ ಆಸೆ ಹಿಡಿದುಕೊಂಡಿದ್ದರೆ ಮನೆ ವರ್ಷಗಟ್ಟಲೆ ಹಾಗೇ ನಿಂತಿರುತ್ತಿತ್ತು. ಜಾಸ್ತಿ ದಿನ ನಿಂತ ಮನೆಯನ್ನು ಊರೆಲ್ಲ ಅನುಮಾನದಿಂದ ನೋಡುತ್ತದೆ.

ತಂಗಿಯ ಪಾಲಿನ ವಿಷಯದಲ್ಲೂ ಅವರಿಗಿದ್ದ ತಿಳಿವಳಿಕೆ ನಮಗಿರಲಿಲ್ಲ. ಅವಳು ಬರುವ ಹಾಗಿರಲಿಲ್ಲ. ನನಗೆ ಅಧಿಕಾರ ಪತ್ರವನ್ನು ಅಲ್ಲಿನ ಭಾರತೀಯ ದೂತಾವಾಸದಲ್ಲಿ ಮಾಡಿಸಿ ಕಳಿಸಿದಳು. ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು ಅಂತ ನೆನಪಿಸಿದ್ದು ಅವರೇ. 50 ಲಕ್ಷ ದಾಟಿದ ವ್ಯಾಪಾರಕ್ಕೆ ಕೊಳ್ಳುವವರು ಕೊಡುವ ದುಡ್ಡಿನಲ್ಲೇ 1% ತೆರಿಗೆ, ಅಂದರೆ ಟಿಡಿಎಸ್, ಹಿಡಿಯುವುದು ತುಂಬಾ ಜನಕ್ಕೆ ಗೊತ್ತು. ಆದರೆ ಮಾರುವವರಲ್ಲಿ ಒಬ್ಬರು ಎನ್‌ಆರ್‌ಐ ಆದರೆ ಅವರ ಪಾಲಿಗೆ ಈ 1% ನಡೆಯುವುದಿಲ್ಲ, ಇನ್ನೂ ಬಹಳ ಜಾಸ್ತಿ ಹಿಡಿಯಬೇಕು. ಆದಾಯ ತೆರಿಗೆ ಇಲಾಖೆಯಿಂದ ಮೊದಲೇ ಸರ್ಟಿಫಿಕೇಟ್ ತಂದರೆ ಮಾತ್ರ ಕಡಿಮೆ ಮಾಡಬಹುದು. "ನಾನು ಆಡಿಟರ್ ಅಲ್ಲ. ಆದ್ರೆ ಈ ಮಾತು ಆಡಿಟರ್ ಹತ್ರ ಇವತ್ತೇ ಕೇಳಿ" ಅಂದರು. ಕೇಳಿದೆವು. ಆ ಒಂದು ಫೋನ್ ಕರೆಯಿಂದ ತಂಗಿಗೆ ಲಕ್ಷಗಟ್ಟಲೆ ದುಡ್ಡು ಸಿಕ್ಕಿಹಾಕಿಕೊಳ್ಳುವುದು ತಪ್ಪಿತು.

ಇಷ್ಟೆಲ್ಲ ಆದರೂ ನಾನು ವಕೀಲರನ್ನು ಬೇರೆಯೇ ಇಟ್ಟುಕೊಂಡೆ, ಅವರು ಹೇಳಿದವರನ್ನಲ್ಲ. ಬ್ರೋಕರ್ ಎಷ್ಟೇ ಒಳ್ಳೆಯವರಾಗಲಿ, ವ್ಯಾಪಾರ ಆದರೆ ಮಾತ್ರ ಅವರಿಗೆ ದುಡ್ಡು. ಅದಲ್ಲದೆ ನಮ್ಮಲ್ಲಿ ಒಬ್ಬರೇ ಎರಡೂ ಕಡೆಯಿಂದ ಕಮಿಷನ್ ತಗೊಳ್ಳುತ್ತಾರೆ. ಅವರೂ ತಗೊಂಡರು. ಮುಚ್ಚಿಡಲಿಲ್ಲ, ಮೊದಲ ದಿನವೇ ಹೇಳಿದ್ದರು. ಅಡ್ವಾನ್ಸ್ ದುಡ್ಡು ಅವರ ಕೈಗೆ ಹೋಗಲೇ ಇಲ್ಲ, ನೇರ ನಮ್ಮ ಖಾತೆಗಳಿಗೆ ಬಂತು. ಕಮಿಷನ್ 2% ಅಂತ ಒಂದು ಹಾಳೆಯಲ್ಲಿ ಬರೆದು, "ರಿಜಿಸ್ಟ್ರೇಷನ್ ಆದ ದಿನ ಕೊಡಿ, ಅದಕ್ಕೆ ಮುಂಚೆ ಬೇಡ" ಅಂತ ಸಹಿ ಹಾಕಿದ್ದರು.

2 ಲಕ್ಷ 24 ಸಾವಿರ. ಚಿಕ್ಕಪ್ಪ ಕೇಳಿದ ತಕ್ಷಣ "ಸುಮ್ನೆ ಯಾಕೆ ಅಷ್ಟು ಕೊಟ್ಟಿರಿ? ಆನ್‌ಲೈನ್‌ನಲ್ಲಿ ಹಾಕಿದ್ರೆ ಪುಕ್ಕಟೆ ಆಗ್ತಿತ್ತು" ಅಂದರು. ಕೊಳ್ಳುವವರು ಆನ್‌ಲೈನ್‌ನಲ್ಲಿ ಸಿಗುತ್ತಿದ್ದರೇನೋ. 1986ರ ಅಡಮಾನ ಪತ್ರ ಇರಬಹುದು ಅಂತ ಅಪ್ಪನ ಕೆಲಸ ಮತ್ತು ಮನೆ ಕಟ್ಟಿದ ವರ್ಷ ನೋಡಿ ಯಾರು ಊಹಿಸುತ್ತಿದ್ದರು? ನಾನು ಆ ಚೆಕ್ಕಿಗೆ ಸಂತೋಷದಿಂದ ಸಹಿ ಹಾಕಿದೆ.

ಸಂಕ್ರಾಂತಿ ಕಳೆದು ಫೆಬ್ರವರಿಯಲ್ಲಿ ನೋಂದಣಿ ಆಯಿತು. ಅಮ್ಮ ರೇಷ್ಮೆ ಸೀರೆ ಉಟ್ಟುಕೊಂಡು ಬಂದಿದ್ದರು. ಹಿರಿಯರು ಅಮ್ಮನಿಗೆ ಕುರ್ಚಿ ಹುಡುಕಿ ತಂದು ಹಾಕಿ, ಹೆಬ್ಬೆಟ್ಟು ಒತ್ತುವ ಮೊದಲು ಒದ್ದೆ ಕರವಸ್ತ್ರ ಕೊಟ್ಟರು. ವಯಸ್ಸಾದವರ ಬೆರಳು ಒಣಗಿದ್ದರೆ ಯಂತ್ರ ಬೇಗ ಹಿಡಿಯುವುದಿಲ್ಲ ಅಂತ.

ನಾವು ಅಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಬಂದೆವು. ಏಪ್ರಿಲ್‌ನಲ್ಲಿ ಒಂದು ಸಂಜೆ ಹಿರಿಯರ ಫೋನ್ ಬಂತು. "ಮೇಡಂ, ನಾಳೆ ಬೆಳಿಗ್ಗೆ ಜೆಸಿಬಿ ಬರುತ್ತೆ. ಹಿತ್ತಲಲ್ಲಿ ಅಮ್ಮನ ಒರಳುಕಲ್ಲು ಇದೆಯಲ್ಲ, ಸಿಮೆಂಟ್ ಹಾಕಿ ಕೂರಿಸಿರೋದು. ಅವರು ಅದನ್ನೂ ಮಣ್ಣಿನ ಜೊತೆ ಹಾಕ್ತಾರೆ. ನಾನು ಕೇಳ್ದೆ, ತಗೊಂಡೋಗಿ ಅಂದ್ರು. ಕಳಿಸ್ಲಾ?"

ಎರಡು ದಿನ ಬಿಟ್ಟು ಟೆಂಪೋದಲ್ಲಿ ಬಂತು, ಗೋಣಿಚೀಲದಲ್ಲಿ ಸುತ್ತಿ. ಒಂದು ಅಂಚಿಗೆ ಇನ್ನೂ ಹಳೆ ಸಿಮೆಂಟು ಅಂಟಿಕೊಂಡಿತ್ತು. ನಾಲ್ಕನೇ ಮಹಡಿಗೆ ಇಬ್ಬರು ಹೊತ್ತು ತಂದರು. ಅಮ್ಮ ಬಾಲ್ಕನಿಯಲ್ಲಿ ಜಾಗ ತೋರಿಸಿ, ನೀರು ಹಾಕಿ ತೊಳೆದು, ಅಂಚಿನ ಸಿಮೆಂಟನ್ನು ಉಗುರಿನಿಂದ ಕೆರೆದು ನೋಡಿದರು. "ಇದು ಇರಲಿ ಬಿಡು, ನಿಮ್ಮಪ್ಪ ಹಾಕಿದ್ದು" ಅಂದರು.